ಕ್ಷೌರದ ಅಂಗಡಿಯ ಪರವಾನಿಗೆ

ಕ್ಷೌರದ ಅಂಗಡಿಯ ವಿಷಯವು ಸಂಪಾದಕೀಯ ಪುಟಕ್ಕೆ ತಕ್ಕುದೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ರಾಜ್ಯದ ಆಯವ್ಯಯ, ನದೀಜಲದ ವ್ಯಾಜ್ಯ, ಚುನಾವಣೆಯ ಗದ್ದಲ ಇವುಗಳ ನಡುವೆ ಕತ್ತರಿ ಬಾಚಣಿಗೆಗಳ ಮಾತೇಕೆಂದು ಅವರು ಕೇಳಬಹುದು. ನಮ್ಮ ಉತ್ತರವು ಸರಳವಾಗಿದೆ. ಊರಿನ ಸಾಹುಕಾರನೂ ಹಮಾಲನೂ, ಮಾಮಲೇದಾರರೂ ಜವಾನನೂ ತಿಂಗಳಿಗೊಮ್ಮೆಯಾದರೂ ತಲೆ ತಗ್ಗಿಸಿ ಕುಳಿತು, ತಮ್ಮ ಕೊರಳನ್ನು ಇನ್ನೊಬ್ಬನ ಹರಿತವಾದ ಅಲಗಿಗೆ ನಂಬಿ ಒಪ್ಪಿಸುವ ಸ್ಥಳವು ಇದೊಂದೇ. ಅಲ್ಲಿ ಸರಕಾರದ ಕಾಯದೆಯು ಏನು ಹೇಳುತ್ತದೆ, ಏನು ಹೇಳಬೇಕು, ಯಾವದನ್ನು ಹೇಳಬಾರದು ಎಂಬದು ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆ. ಊರ ಆರೋಗ್ಯದ ಪ್ರಶ್ನೆ. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯನು ಮನುಷ್ಯನನ್ನು ಮುಟ್ಟಬಹುದೋ ಬಾರದೋ ಎಂಬ ಪ್ರಶ್ನೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ನಾವು ಬಯಸುತ್ತೇವೆ. ಇವು ದೊಡ್ಡ ಶಹರಗಳಲ್ಲ. ಬೆಂಗಳೂರಿನ ಗಾಜಿನ ಬಾಗಿಲಿನ ಸಲೂನುಗಳಿಗೆ ಹೊಂದುವ ನಿಯಮವು ಇಲ್ಲಿಯ ಎರಡು ಕುರ್ಚಿಯ ಅಂಗಡಿಗೆ ಹೊಂದುವದೆಂದು ಹೇಳಲಾಗದು. ನಿಯಮವು ಒಳ್ಳೆಯದೋ ಕೆಟ್ಟದ್ದೋ ಎಂಬದು ತಿಳಿಯುವದು ಇಂಥ ಊರುಗಳಲ್ಲಿಯೇ.

ಕಾಯದೆಯು ಈಗ ಹೇಳುವದೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡುವದು ಅವಶ್ಯವು. ನಮ್ಮ ರಾಜ್ಯದಲ್ಲಿ ಕ್ಷೌರ ಮಾಡುವ ಮನುಷ್ಯನಿಗೆ ಪರವಾನಿಗೆ ಎಂಬದು ಇಲ್ಲ. ವೈದ್ಯನಿಗೆ, ವಕೀಲನಿಗೆ, ಮೋಟಾರು ನಡೆಯಿಸುವವನಿಗೆ ಇದ್ದಂತೆ, ಕ್ಷೌರಿಕನಿಗಾಗಲಿ ಸೌಂದರ್ಯ ಪ್ರಸಾಧನದ ಕೆಲಸ ಮಾಡುವ ಸ್ತ್ರೀಗಾಗಲಿ ಪರೀಕ್ಷೆ ಕೊಟ್ಟು ಪಡೆಯಬೇಕಾದ ಯಾವ ಪತ್ರವೂ ಇಲ್ಲ. ಇರುವದು ಅಂಗಡಿಗೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯದೆಯ ಮೇರೆಗೆ ಅಂಗಡಿ ತೆರೆದವನು ಮೂವತ್ತು ದಿನಗಳೊಳಗಾಗಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಐದು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕು. ಕೆಲಸಗಾರನಿಗೆ ವಾರಕ್ಕೊಂದು ದಿನ ವಿಶ್ರಾಂತಿ ಕೊಡಬೇಕು. ಈ ಕೊನೆಯ ನಿಯಮವನ್ನು ನಮ್ಮ ಕ್ಷೌರಿಕರಿಗೆ ಯಾರೂ ಕಲಿಸಬೇಕಾಗಿಲ್ಲ. ಮಂಗಳವಾರ ಕತ್ತರಿ ಹಿಡಿಯಬಾರದೆಂಬ ರೂಢಿಯು ಎಲ್ಲ ಕಾಯದೆಗಳಿಗಿಂತ ಹಳೆಯದು.

ಎರಡನೆಯದು ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಿಗೆ. ಹಾನಗಲ್ಲ, ಸವಣೂರ, ಶಿಗ್ಗಾಂವಿಗಳಲ್ಲಿ ಪುರಸಭೆಗಳಿವೆ. ಶಿಗ್ಗಾಂವಿ ತಾಲೂಕಿನಲ್ಲಿಯೇ ಬಂಕಾಪುರಕ್ಕೆ ಬೇರೆ ಪುರಸಭೆ ಇದೆ. ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯತಿ ಇದೆ. ಇವೆಲ್ಲವೂ 1964ರ ಪುರಸಭೆಗಳ ಕಾಯದೆಗೆ ಒಳಪಟ್ಟವು. ಪಟ್ಟಣದ ಗಡಿ ದಾಟಿದರೆ 1993ರ ಪಂಚಾಯತ ರಾಜ ಕಾಯದೆಯ ಆಳಿಕೆ. ಅಲ್ಲಿ ಗ್ರಾಮ ಪಂಚಾಯತಿಯೇ ಅಧಿಕಾರಿ. ಒಂದೇ ತಾಲೂಕಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಪೇಟೆಯಲ್ಲಿಯೂ ಇನ್ನೊಬ್ಬನು ಹಳ್ಳಿಯ ಬಸ್ಸು ನಿಲ್ದಾಣದ ಬದಿಯಲ್ಲಿಯೂ ಅಂಗಡಿ ಇಟ್ಟರೆ, ಒಬ್ಬೊಬ್ಬನದು ಒಂದೊಂದು ಕಚೇರಿ, ಒಂದೊಂದು ಶುಲ್ಕ. ಮನೆಯ ಮುಂಗೋಣೆಯಲ್ಲಿ ಪಡದೆ ಕಟ್ಟಿ ಹುಬ್ಬು ತಿದ್ದುವ, ಮದುವಣಗಿತ್ತಿಯರನ್ನು ಸಿಂಗರಿಸುವ ಸ್ತ್ರೀಯು ಬಹುಶಃ ಎರಡೂ ಪುಸ್ತಕಗಳಲ್ಲಿ ಕಾಣಿಸಳು. ಹಡಪವನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುವ ಮುದುಕನಂತೂ ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಸೀಮೆಗೆ ಇಂಥ ಒಡಕು ಹೊಸದಲ್ಲ. 1948ರ ಮಾರ್ಚ 8ನೆಯ ತಾರೀಖಿನವರೆಗೆ ಸವಣೂರು ನವಾಬರ ಸಂಸ್ಥಾನವಾಗಿತ್ತು. ಸುತ್ತಲಿನ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಕೆಲವು ಹರದಾರಿ ನಡೆದರೆ ಸರಕಾರವೇ ಬದಲಾಗುತ್ತಿತ್ತು. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು; 1997ರ ಆಗಸ್ಟ 24ರಂದು ಹಾವೇರಿ ಜಿಲ್ಲೆಯಾಯಿತು. ನಾಡು ಒಂದಾದ ಮೇಲೆಯೂ, ಕತ್ತರಿ ಹಿಡಿಯುವ ಕೈಯ ಮಟ್ಟಿಗೆ, ಕಚೇರಿಗಳು ಒಂದಾಗಿಲ್ಲವೆಂಬದನ್ನು ಅಧಿಕಾರಿವರ್ಗವು ಗಮನಿಸಬೇಕು.

ಕಾಗದವಿಲ್ಲದವನ ಗತಿ

ಬಡವನಿಗೆ ಪರವಾನಿಗೆಯ ಗೊಡವೆಯೇಕೆ, ಬಿಟ್ಟುಬಿಡಿರೆಂದು ದಯಾಪರರಾದವರು ಹೇಳುವದುಂಟು. ಆ ದಯೆಯ ಬೆಲೆಯೇನೆಂಬದು 2020ರಲ್ಲಿ ತಿಳಿದುಬಂದಿತು. ಕೋವಿಡ್ ವ್ಯಾಧಿಯ ನಿಮಿತ್ತ ಮಾರ್ಚ 25ರಂದು ದೇಶವೆಲ್ಲ ಬಾಗಿಲು ಹಾಕಿದಾಗ ಕ್ಷೌರದ ಅಂಗಡಿಗಳೂ ಮುಚ್ಚಿದವು; ನಮ್ಮ ರಾಜ್ಯದಲ್ಲಿ ಅವು ಮತ್ತೆ ತೆರೆದದ್ದು ಮೇ 19ರಂದು. ಸುಮಾರು ಎಂಟು ವಾರಗಳ ವರೆಗೆ ದಿನದ ಗಳಿಕೆಯನ್ನೇ ನಂಬಿದ ಮನೆಗಳಲ್ಲಿ ಒಂದು ಕಾಸೂ ಹುಟ್ಟಲಿಲ್ಲ. ಮೇ 6ರಂದು ಸರಕಾರವು ಅಂದಾಜು 2,30,000 ಕ್ಷೌರಿಕರಿಗೂ 60,000 ಅಗಸರಿಗೂ ತಲಾ 5,000 ರೂಪಾಯಿಗಳ ನೆರವನ್ನು ಸಾರಿತು. ಅದು ಯೋಗ್ಯವಾದ ಕಾರ್ಯವೇ. ಆದರೆ ನೆರವನ್ನು ಬೇಡುವವನು ತಾನು ಕ್ಷೌರಿಕನೆಂಬದಕ್ಕೆ ಉದ್ಯೋಗದ ಪ್ರಮಾಣಪತ್ರವನ್ನು ಹಾಜರು ಮಾಡಬೇಕಾಗಿತ್ತು. ತಂದೆಯಿಂದ ಕತ್ತರಿಯನ್ನು ಪಡೆದವನು ಪ್ರಮಾಣಪತ್ರವನ್ನು ಯಾರಿಂದ ಪಡೆದಾನು? ಮೂವತ್ತು ವರ್ಷ ಊರ ತಲೆಗಳನ್ನೆಲ್ಲ ಬಲ್ಲವನನ್ನು ಕಚೇರಿಯು ಮಾತ್ರ ಅರಿಯದು.

2023ರ ಸೆಪ್ಟೆಂಬರ 17ರಂದು ಕೇಂದ್ರ ಸರಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿಯೂ ಇದೇ ಮಾತು. ಹದಿನೆಂಟು ಕಸಬುಗಳಲ್ಲಿ ಕ್ಷೌರಿಕನದೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಬಳಿಕ ಎರಡು ಲಕ್ಷದ ಸಾಲ ದೊರೆಯುವದು. ಅರ್ಜಿದಾರನು ನಿಜವಾಗಿ ಆ ಕಸಬಿನವನೋ ಅಲ್ಲವೋ ಎಂಬದನ್ನು ಮೊದಲ ಹಂತದಲ್ಲಿ ಗ್ರಾಮ ಪಂಚಾಯತಿಯೋ ಪುರಸಭೆಯೋ ಪರೀಕ್ಷಿಸಬೇಕು. ಅಂದ ಮೇಲೆ ಊರಿನ ದಫ್ತರದಲ್ಲಿ ಹೆಸರಿರುವದು ಕೇವಲ ತೆರಿಗೆಯ ಮಾತಲ್ಲ; ಅದು ಹಕ್ಕಿನ ಮಾತು. ಪರವಾನಿಗೆಯು ಬೇಡಿಯಾಗಬಾರದು ಎಂಬದು ಎಷ್ಟು ನಿಜವೋ, ಪರವಾನಿಗೆಯೇ ಇಲ್ಲದವನು ಸಂಕಟದ ಕಾಲಕ್ಕೆ ಅನಾಥನು ಎಂಬದೂ ಅಷ್ಟೇ ನಿಜವು.

ಪರೀಕ್ಷೆಯ ಪರವಾನಿಗೆ ಬೇಕೆ?

ಹಾಗಾದರೆ ಪಾಶ್ಚಾತ್ಯ ದೇಶಗಳಂತೆ ಪ್ರತಿಯೊಬ್ಬ ಕ್ಷೌರಿಕನಿಗೂ ಪರೀಕ್ಷೆಯನ್ನಿಟ್ಟು ಪರವಾನಿಗೆ ಕೊಡಬಾರದೇಕೆ ಎಂದು ಕೆಲವು ಸುಧಾರಕರು ಕೇಳುತ್ತಾರೆ. ನಮ್ಮ ರಾಜ್ಯಘಟನೆಯು ಇದಕ್ಕೆ ಅಡ್ಡಬರುವದಿಲ್ಲ. 19ನೆಯ ಅನುಚ್ಛೇದವು ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕನ್ನು ನಾಗರಿಕನಿಗೆ ಕೊಟ್ಟು, ಅದರ 6ನೆಯ ಖಂಡದಲ್ಲಿ ಉದ್ಯೋಗಕ್ಕೆ ಅವಶ್ಯವಾದ ಅರ್ಹತೆಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರಕಾರಕ್ಕೆ ಇಟ್ಟಿದೆ. ಅಧಿಕಾರವು ಇದೆ; ಆದರೆ ಅದನ್ನು ಉಪಯೋಗಿಸುವದು ವಿವೇಕವೆ?

ಹೊರದೇಶಗಳ ಅನುಭವವು ಒಂದೇ ತೆರನಾಗಿಲ್ಲ. ಅಮೇರಿಕೆಯಲ್ಲಿ ಮಿನ್ನೆಸೋಟಾ ಸಂಸ್ಥಾನವು 1897ರಲ್ಲಿಯೇ ಕ್ಷೌರಿಕರಿಗೆ ಪರವಾನಿಗೆಯ ಕಾಯದೆ ಮಾಡಿತು. ಈಗ ಅಲ್ಲಿಯ ಎಲ್ಲ ಸಂಸ್ಥಾನಗಳಲ್ಲಿಯೂ ಸೌಂದರ್ಯ ಪ್ರಸಾಧನದವರಿಗೆ ಪರವಾನಿಗೆ ಬೇಕು. ನ್ಯೂಯಾರ್ಕಿನಲ್ಲಿ ಅದಕ್ಕಾಗಿ 1,000 ತಾಸು ಶಾಲೆಯಲ್ಲಿ ಕಲಿಯಬೇಕು. ಜರ್ಮನಿಯಲ್ಲಿ ಸ್ವಂತ ಅಂಗಡಿ ನಡೆಯಿಸುವದಕ್ಕೆ ಸಾಮಾನ್ಯವಾಗಿ ಕಸಬಿನ ಆಚಾರ್ಯಪದವಿ ಬೇಕು. ಇಂಗ್ಲಂಡದಲ್ಲಿಯೋ, 1964ರ ಕಾಯದೆಯಿಂದ ಒಂದು ಪಟ್ಟಿಯನ್ನು ಮಾಡಿದ್ದಾರೆ; ಅದರಲ್ಲಿ ಸೇರುವದೂ ಬಿಡುವದೂ ಅವರವರ ಇಷ್ಟ. ಅಲ್ಲಿಯ ಜನರ ತಲೆಗೇನೂ ಹೆಚ್ಚಿನ ಅಪಾಯವಾದಂತೆ ಕಾಣುವದಿಲ್ಲ.

ಅಮೇರಿಕೆಯಲ್ಲಿಯೇ ಈ ಕಟ್ಟುಗಳ ಬಗ್ಗೆ ಅಸಮಾಧಾನವು ಬೆಳೆದಿದೆ. ಯೂಟಾ ಸಂಸ್ಥಾನದಲ್ಲಿ ಆಫ್ರಿಕೆಯಿಂದ ಬಂದು ನೆಲೆಸಿದ ಒಬ್ಬ ಸ್ತ್ರೀಯು ಜಡೆ ಹೆಣೆಯುವ ಕೆಲಸ ಮಾಡುತ್ತಿದ್ದಳು. ಕತ್ತರಿಯನ್ನು ಮುಟ್ಟದ, ರಸಾಯನಗಳನ್ನು ಬಳಸದ ಆ ಕೆಲಸಕ್ಕೂ 2,000 ತಾಸುಗಳ ಶಿಕ್ಷಣವೂ ಪರವಾನಿಗೆಯೂ ಬೇಕೆಂದು ಸರಕಾರವು ಹಟ ಹಿಡಿಯಿತು. ಆ ಶಿಕ್ಷಣದಲ್ಲಿ ಅವಳ ಜಡೆಗೆ ಸಂಬಂಧಪಟ್ಟ ಪಾಠವೇ ಇರಲಿಲ್ಲವೆನ್ನಬಹುದು. 2012ರಲ್ಲಿ ಅಲ್ಲಿಯ ಸಂಯುಕ್ತ ಸರಕಾರದ ನ್ಯಾಯಾಲಯವು ಈ ನಿಯಮವನ್ನು ಅವಳಿಗೆ ಅನ್ವಯಿಸುವದು ರಾಜ್ಯಘಟನೆಗೆ ವಿರುದ್ಧವೆಂದು ತೀರ್ಪಿತ್ತಿತು. ತಾನು ಕಲಿತ ಕೈಗೆಲಸವನ್ನು ತಾನು ಮಾಡಲು ಊರ ಮುಂದೆ ಅಪ್ಪಣೆ ಬೇಡಬೇಕಾದ ಬಡವಿಯ ಕಥೆಯು ಯೂಟಾದಲ್ಲಿ ನಡೆದರೂ ಒಂದೇ, ಹಾನಗಲ್ಲಿನಲ್ಲಿ ನಡೆದರೂ ಒಂದೇ.

ನಮ್ಮ ಸೀಮೆಯಲ್ಲಿ ಪರೀಕ್ಷೆಯ ಪರವಾನಿಗೆಯು ಬಂದರೆ ಆಗುವದೇನು? ಮೂರು ಸಂಗತಿಗಳು ಕಣ್ಣಿಗೆ ಕಟ್ಟಿದಂತಿವೆ. ಒಂದು, ಅಕ್ಷರ ಕಲಿಯದಿದ್ದರೂ ಕೈಯಲ್ಲಿ ಕಸುಬುಳ್ಳ ಹಿರಿಯರು ಕಸಬಿನ ಹೊರಗಾಗುವರು. ಎರಡು, ಪ್ರಮಾಣಪತ್ರವನ್ನು ಮಾರುವ ಶಾಲೆಗಳೂ, ಅದನ್ನು ಕೊಡಿಸುವ ದಲಾಲರೂ ಹುಟ್ಟಿಕೊಳ್ಳುವರು. ಮೂರು, ಸ್ವಂತ ಗಳಿಕೆಯ ರುಚಿಯನ್ನು ಈಗತಾನೆ ಕಂಡಿರುವ ಸ್ತ್ರೀಯರು ತಮ್ಮ ಪಡದೆಯನ್ನು ಬಿಚ್ಚಿಡುವರು. ಕಲಿಯಬೇಕೆನ್ನುವವರಿಗೆ ದಾರಿಗಳು ಇರಲಿ, ಇವೆ ಕೂಡ. ಸರಕಾರದ ಐ.ಟಿ.ಐ.ಗಳಲ್ಲಿ ಸೌಂದರ್ಯ ಪ್ರಸಾಧನದ ಒಂದು ವರ್ಷದ ಶಿಕ್ಷಣಕ್ರಮವಿದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಯಿಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರಿನ ಕೆಲಸವನ್ನು ಕಲಿಸುತ್ತಾರೆ. ಕಲಿಕೆಯು ಏಣಿಯಾಗಲಿ, ಅದನ್ನು ಬಾಗಿಲಿನ ಅಗುಳಿಯನ್ನಾಗಿ ಮಾಡುವದು ಬೇಡವೆಂಬದು ನಮ್ಮ ಸ್ಪಷ್ಟವಾದ ಅಭಿಪ್ರಾಯವು.

ಅಲಗಿನ ಶುದ್ಧಿ

ಮನುಷ್ಯನನ್ನು ಪರೀಕ್ಷಿಸುವದು ಬೇಡವಾದರೂ ಅಲಗನ್ನು ಪರೀಕ್ಷಿಸುವದು ಬೇಕೇಬೇಕು. ಇದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಕ್ಷೌರದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಯವಾದರೂ ರಕ್ತವು ಅಲಗಿಗೆ ಅಂಟುತ್ತದೆ. ಯಕೃತ್ತಿಗೆ ಹಾನಿ ಮಾಡುವ ಹೆಪಟೈಟಿಸ್ ಬಿ ಎಂಬ ವ್ಯಾಧಿಯ ವಿಷಾಣುವು ಶರೀರದ ಹೊರಗೆ ಒಣಗಿದ ರಕ್ತದಲ್ಲಿ ಏಳು ದಿನಗಳಾದರೂ ಜೀವದಿಂದಿರಬಲ್ಲದು. ಸೋಮವಾರ ಒಬ್ಬನಿಗೆ ತಾಗಿದ ಅಲಗು ಶನಿವಾರ ಇನ್ನೊಬ್ಬನಿಗೆ ರೋಗವನ್ನು ಹಂಚಬಲ್ಲದು. ಏಡ್ಸಿನ ಭಯದಿಂದ ಅರ್ಧ ಬ್ಲೇಡನ್ನು ಹಾಕಿ ಎಸೆಯುವ ರೂಢಿಯು ಬೆಳೆದು ಬಂದದ್ದು ದೊಡ್ಡ ಉಪಕಾರವಾಯಿತು. ಆದರೆ ಹಿಡಿಕೆ, ಕತ್ತರಿ, ಕೂದಲು ತೆಗೆಯುವ ಯಂತ್ರ, ಬಾಚಣಿಗೆ, ಹೊದಿಸುವ ಬಟ್ಟೆ ಇವುಗಳ ಗತಿಯೇನು? ಗಜಕರ್ಣದಂಥ ಚರ್ಮರೋಗವು ಬಟ್ಟೆ ಬಾಚಣಿಗೆಗಳಿಂದಲೇ ಹರಡುತ್ತದೆ. ಗಾಯದ ಮೇಲೆ ಪಟಿಕವನ್ನು ತಿಕ್ಕಿದರೆ ರಕ್ತವು ನಿಲ್ಲಬಹುದು. ರೋಗಾಣುವು ಸಾಯುವದೆಂಬ ನಂಬಿಗೆಯು ಸಲ್ಲದು. ಒಬ್ಬನಿಗೆ ತಿಕ್ಕಿದ ಪಟಿಕದ ತುಂಡನ್ನೇ ಇನ್ನೊಬ್ಬನಿಗೂ ತಿಕ್ಕುವದು ಮತ್ತಷ್ಟು ಕೆಟ್ಟದ್ದು.

ಇದಕ್ಕೆ ಪರಿಹಾರವು ದುಬಾರಿಯದಲ್ಲ. ಲೋಹದ ಸಲಕರಣೆಗಳನ್ನು ಸೋಪಿನಿಂದ ತೊಳೆದು ಇಪ್ಪತ್ತು ಮಿನಿಟು ಕುದಿಸಿದರೆ ಸಾಕು. ಕುದಿಸಲಾಗದವುಗಳನ್ನು ತೊಳೆದು ಸ್ಪಿರಿಟ್ಟಿನಲ್ಲಿ ಒರಸಬಹುದು. ಬಳಸಿದ ಬ್ಲೇಡುಗಳನ್ನು ಗಟ್ಟಿಯಾದ ಡಬ್ಬಿಯಲ್ಲಿ ಕೂಡಿಟ್ಟು ಪುರಸಭೆಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ಕಸ ಆರಿಸುವ ಕೈಗಳು ಮನುಷ್ಯರ ಕೈಗಳೇ ಆಗಿರುತ್ತವೆ. ಹೆಪಟೈಟಿಸ್ ಬಿ ರೋಗಕ್ಕೆ ಚುಚ್ಚುಮದ್ದು ಇದೆ. 2011ರಿಂದ ಅದನ್ನು ದೇಶದ ಎಲ್ಲ ಶಿಶುಗಳಿಗೂ ಸರಕಾರವು ಕೊಡುತ್ತಿದೆ. ಅದಕ್ಕಿಂತ ಮೊದಲು ಹುಟ್ಟಿ ಈಗ ಕತ್ತರಿ ಹಿಡಿದವನಿಗೆ ಆರು ತಿಂಗಳಲ್ಲಿ ಮೂರು ಸಲ ಹಾಕಿಸಿದರೆ ಗಿರಾಕಿಯಷ್ಟೇ ಅಪಾಯದಲ್ಲಿರುವ ಅವನೂ ರಕ್ಷಿತನಾಗುವನು. ರೋಗವು ಕುರ್ಚಿಯಲ್ಲಿ ಕುಳಿತವನಿಂದ ನಿಂತವನಿಗೂ ಬರುತ್ತದೆ ಎಂಬದನ್ನು ನಾವು ಮರೆಯುತ್ತೇವೆ.

ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ವಿಷಯವನ್ನೂ ಇಲ್ಲಿ ಹೇಳಬೇಕು. ಅವುಗಳಲ್ಲಿ ಹಲವಕ್ಕೆ ಪ್ಯಾರಾ ಫಿನಿಲೀನ್ ಡೈ ಅಮೈನ್ ಎಂಬ ರಸಾಯನವನ್ನು ಕೂಡಿಸಿರುತ್ತಾರೆ. ಕೆಲವರ ಚರ್ಮಕ್ಕೆ ಅದು ಆಗದು. ಮುಖವು ಬಾತು ಕಣ್ಣು ಮುಚ್ಚಿಹೋಗುವದುಂಟು. ಆದುದರಿಂದಲೇ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕೆಂದೂ, ರೆಪ್ಪೆ ಹುಬ್ಬುಗಳಿಗೆ ಹಚ್ಚಬಾರದೆಂದೂ ಪೊಟ್ಟಣದ ಮೇಲೆ ಇಂಗ್ಲೀಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಎಚ್ಚರಿಕೆಯನ್ನು ಅಚ್ಚು ಹಾಕಬೇಕೆಂದು ನಿಯಮವಿದೆ. ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಒಂದು ದಿನ ಕಾಯುವ ತಾಳ್ಮೆಯು ಮದುವೆಗೆ ಹೊರಟವರಿಗೆ ಇರುವದಿಲ್ಲ. ಅದನ್ನು ಕಲಿಸುವದು ಅಂಗಡಿಯವರ ಧರ್ಮವು.

ತೆರೆದ ಬಾಗಿಲು

ಇನ್ನು ಎಲ್ಲಕ್ಕೂ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿ ಕ್ಷೌರದ ಅಂಗಡಿಯ ಬಾಗಿಲು ದಲಿತನಿಗೆ ಇನ್ನೂ ಮುಚ್ಚಿದೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆ ಗ್ರಾಮದ ಸುದ್ದಿಯು ದೇಶವನ್ನೆಲ್ಲ ಸುತ್ತಿತು. ಪರಿಶಿಷ್ಟರ ತಲೆಗೂದಲನ್ನು ಕತ್ತರಿಸಿದ್ದಕ್ಕಾಗಿ ತನಗೆ ದಂಡ ಹಾಕಿ ಬಹಿಷ್ಕರಿಸಿದರೆಂದು ಅಲ್ಲಿಯ ಕ್ಷೌರಿಕನೇ ದೂರಿದನು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕ್ಷೌರದ ಸಂಬಂಧವಾಗಿ ಎದ್ದ ಜಗಳದಲ್ಲಿ ದಲಿತ ತರುಣನೊಬ್ಬನು ಕತ್ತರಿಯ ಇರಿತಕ್ಕೆ ಬಲಿಯಾದನು. ಈ ಎರಡು ಊರುಗಳ ಹೆಸರನ್ನು ಹೇಳಿ, ನಮ್ಮ ನಾಲ್ಕು ತಾಲೂಕುಗಳವರು ತಾವು ಶುದ್ಧರೆಂದು ನೆಮ್ಮದಿಯಿಂದಿರಲೆಂಬದು ನಮ್ಮ ಉದ್ದೇಶವಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಅಂಗಡಿಯ ಹೊಸ್ತಿಲನ್ನು ಒಮ್ಮೆ ನೋಡಿಕೊಳ್ಳಲಿ. ದಲಿತರ ಕೇರಿಯ ಹುಡುಗನು ಕ್ಷೌರಕ್ಕಾಗಿ ಬಸ್ಸಿನಲ್ಲಿ ತಾಲೂಕಿನ ಪೇಟೆಗೆ ಹೋಗುತ್ತಿದ್ದರೆ, ಅದು ಶೋಕಿಯೋ, ನಿರುಪಾಯವೋ ಎಂದು ವಿಚಾರಿಸಲಿ.

ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಪ್ರಸಂಗವನ್ನು ಬರೆದಿದ್ದಾರೆ. ದಕ್ಷಿಣ ಆಫ್ರಿಕೆಯ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಅವರ ಕೂದಲನ್ನು ಕತ್ತರಿಸಲು ಒಪ್ಪಲಿಲ್ಲ. ಅವರು ಪೇಟೆಯಿಂದ ಯಂತ್ರವನ್ನು ಕೊಂಡುತಂದು ಕನ್ನಡಿಯ ಮುಂದೆ ತಮ್ಮ ಕ್ಷೌರವನ್ನು ತಾವೇ ಮಾಡಿಕೊಂಡರು. ಕೋರ್ಟಿನಲ್ಲಿ ಮಿತ್ರರು ನಕ್ಕರು. ಆದರೆ ಗಾಂಧಿಯವರು ಆ ಕ್ಷೌರಿಕನ ಮೇಲೆ ಸಿಟ್ಟಾಗಲಿಲ್ಲ. ಕರಿಯರಿಗೆ ಕ್ಷೌರ ಮಾಡಿದರೆ ಬಿಳಿಯ ಗಿರಾಕಿಗಳು ಅವನನ್ನು ಬಿಟ್ಟುಹೋಗುವ ಭಯವು ಅವನಿಗಿತ್ತೆಂದೂ, ನಮ್ಮ ಅಸ್ಪೃಶ್ಯ ಸೋದರರಿಗೆ ಕ್ಷೌರ ಮಾಡಲು ನಮ್ಮ ಕ್ಷೌರಿಕರನ್ನು ನಾವೂ ಬಿಡುವದಿಲ್ಲವಲ್ಲವೆಂದೂ ಅವರು ಯೋಚಿಸಿದರು. ತಪ್ಪು ಯಾರದೆಂಬದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು. ಕತ್ತರಿಯು ಕ್ಷೌರಿಕನ ಕೈಯಲ್ಲಿದ್ದರೂ ಅದನ್ನು ತಡೆದು ಹಿಡಿಯುವ ಕೈ ಬೇರೆಯಾಗಿರುತ್ತದೆ. ಹಳೆಯ ಕಾಲದಲ್ಲಿ ಆಯಗಾರನಾಗಿದ್ದ ಕ್ಷೌರಿಕನು ಸುಗ್ಗಿಯಲ್ಲಿ ಹೊಲದವರು ಕೊಟ್ಟ ಕಾಳಿನಿಂದ ಬದುಕುತ್ತಿದ್ದನು. ಕಾಳು ಕೊಡುವವನ ಮಾತನ್ನು ಮೀರಲಾರದವನಾಗಿದ್ದನು. ಇಂದು ಕಾಳಿನ ಸ್ಥಾನಕ್ಕೆ ರೊಕ್ಕವು ಬಂದಿದೆ. ಮಳಿಗೆಯ ಬಾಡಿಗೆಯೂ ಗಿರಾಕಿಗಳೂ ಪ್ರಬಲರ ಕೈಯಲ್ಲಿರುವ ಹಳ್ಳಿಗಳಲ್ಲಿ ಭಯವು ಮಾತ್ರ ಹೋಗಿಲ್ಲ.

ಈ ಭಯಕ್ಕೆ ಕಾಯದೆಯಲ್ಲಿ ಮದ್ದು ಇದೆ. 1948ರ ನವೆಂಬರ 29ರಂದು ರಾಜ್ಯಘಟನಾ ಸಭೆಯಲ್ಲಿ ಅಂಗಡಿಗಳ ಪ್ರವೇಶದ ಹಕ್ಕಿನ ಚರ್ಚೆಯಾದಾಗ, ಕ್ಷೌರದ ಅಂಗಡಿಯೂ ಅದರಲ್ಲಿ ಸೇರುವದೋ ಎಂಬ ಪ್ರಶ್ನೆ ಬಂದಿತು. ಬಂದು ಕೇಳಿದವರಿಗೆಲ್ಲ ಸೇವೆಯನ್ನು ಸಲ್ಲಿಸಲು ತೆರೆದಿಟ್ಟ ಸ್ಥಳವೆಲ್ಲವೂ ಅಂಗಡಿಯೇ ಎಂಬ ವಿಶಾಲವಾದ ಅರ್ಥವನ್ನು ಡಾಕ್ಟರ ಅಂಬೇಡಕರರು ಕೊಟ್ಟರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯದೆಯು, 1976ರಿಂದ ನಾಗರಿಕ ಹಕ್ಕುಗಳ ರಕ್ಷಣಾ ಕಾಯದೆಯೆಂದು ಹೆಸರಾದದ್ದು, ಅಂಗಡಿಯೆಂಬ ಶಬ್ದದ ವಿವರಣೆಯಲ್ಲಿ ಕ್ಷೌರದ ಅಂಗಡಿಯನ್ನು ಹೆಸರಿಟ್ಟು ಸೇರಿಸಿದೆ. ಅಸ್ಪೃಶ್ಯತೆಯ ಕಾರಣದಿಂದ ಸೇವೆಯನ್ನು ನಿರಾಕರಿಸಿದವನಿಗೆ ಒಂದರಿಂದ ಆರು ತಿಂಗಳ ಸೆರೆಯೂ 100ರಿಂದ 500 ರೂಪಾಯಿಗಳ ದಂಡವೂ ಉಂಟು. ಅದೇ ಕಾಯದೆಯ 8ನೆಯ ಕಲಮಿನ ಮೇರೆಗೆ, ಶಿಕ್ಷೆಗೊಳಗಾದವನ ಉದ್ಯೋಗದ ಪರವಾನಿಗೆಯನ್ನು ರದ್ದುಗೊಳಿಸಲು ಅಥವಾ ತಡೆಹಿಡಿಯಲು ನ್ಯಾಯಾಲಯವು ಆಜ್ಞೆ ಮಾಡಬಹುದು. ಅಸ್ಪೃಶ್ಯತೆಯನ್ನು ಆಚರಿಸಲು ಒಪ್ಪದವನನ್ನು ಅವನ ಸಮುದಾಯದವರೇ ಬಹಿಷ್ಕರಿಸಿದರೆ ಅದೂ ಅಪರಾಧವೇ. ಊರಿಗೆ ಊರೇ ಇಂಥ ಅಪರಾಧಕ್ಕೆ ಬೆಂಬಲವಾಗಿ ನಿಂತರೆ ಅಲ್ಲಿಯ ನಿವಾಸಿಗಳ ಮೇಲೆ ಸಾಮೂಹಿಕ ದಂಡವನ್ನು ಹೇರುವ ಅಧಿಕಾರವೂ ರಾಜ್ಯ ಸರಕಾರಕ್ಕೆ ಇದೆ.

ಪರವಾನಿಗೆಗೂ ಸಮಾನತೆಗೂ ಇರುವ ಈ ಸಂಬಂಧವನ್ನು ನಮ್ಮ ಕಚೇರಿಗಳು ಅರಿತಂತೆ ಕಾಣುವದಿಲ್ಲ. ಪರವಾನಿಗೆಯೇ ಇಲ್ಲದ ಅಂಗಡಿಯಿಂದ ಕಸಿದುಕೊಳ್ಳುವದೇನು? ಪರವಾನಿಗೆಯಿದ್ದು ಅದರಲ್ಲಿ ‘ಜಾತಿಭೇದವಿಲ್ಲದೆ ಸೇವೆ ಸಲ್ಲಿಸತಕ್ಕದ್ದು’ ಎಂಬ ಒಂದು ಸಾಲು ಇದ್ದರೆ, ಅದು ದಲಿತನಿಗೆ ಹಕ್ಕಿನ ಪತ್ರವಾಗುವದು, ಕ್ಷೌರಿಕನಿಗೂ ಗುರಾಣಿಯಾಗುವದು. ‘ನಾನೇನು ಮಾಡಲಿ ಯಜಮಾನರೆ, ಸರಕಾರದ ಷರತ್ತು ಹೀಗಿದೆ’ ಎಂದು ಊರ ಪ್ರಮುಖರಿಗೆ ಗೋಡೆಯ ಮೇಲಿನ ಕಾಗದವನ್ನು ತೋರಿಸಬಹುದು. ಗ್ರಾಮ ಪಂಚಾಯತಿಗಳಲ್ಲಿ ಸರಕಾರದಿಂದಲೇ ಕ್ಷೌರದ ಅಂಗಡಿಗಳನ್ನು ತೆರೆಯಬೇಕೆಂಬ ಪ್ರಸ್ತಾಪವು 2020ರಲ್ಲಿ ಕೇಳಿಬಂದಿತ್ತು. ಅದರ ಉದ್ದೇಶವು ಒಳ್ಳೆಯದೇ. ಆದರೆ ಅಂಥ ಅಂಗಡಿಯು ದಲಿತರ ಅಂಗಡಿಯೆಂದು ಹೆಸರಾಗಿ, ಹಳೆಯ ಬಾಗಿಲು ಮೊದಲಿನಂತೆಯೇ ಮುಚ್ಚಿಕೊಂಡಿದ್ದರೆ ನಾವು ಗಳಿಸಿದ್ದೇನು? ಒಂದು ಗೋಡೆಯ ಬದಲು ಎರಡು ಗೋಡೆ.

ನಮ್ಮ ಸೂಚನೆಗಳು

ಟೀಕೆಯನ್ನಷ್ಟೇ ಮಾಡಿ ಲೇಖನಿಯನ್ನು ಕೆಳಗಿಡುವದು ನಮ್ಮ ಪದ್ಧತಿಯಲ್ಲ. ಜಿಲ್ಲಾಧಿಕಾರಿಗಳ ಮತ್ತು ಈ ನಾಲ್ಕು ತಾಲೂಕುಗಳ ಸ್ಥಳೀಯ ಸಂಸ್ಥೆಗಳ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದಾಗಿ, ಪಟ್ಟಣವಿರಲಿ ಹಳ್ಳಿಯಿರಲಿ, ಅಂಗಡಿಯಿರಲಿ ಇಲ್ಲದಿರಲಿ, ಕ್ಷೌರ ಮತ್ತು ಪ್ರಸಾಧನದ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರನ್ನೂ ಒಂದೇ ಪುಸ್ತಕದಲ್ಲಿ ಬರೆಯಲಿ. ಅದೇ ನೋಂದಣಿಯು ಕಾರ್ಮಿಕ ಇಲಾಖೆಗೂ ಸಾಲದ ಯೋಜನೆಗಳಿಗೂ ಸಾಕೆಂದು ಒಪ್ಪಿಕೊಳ್ಳಲಿ. ಎರಡನೆಯದಾಗಿ, ಒಬ್ಬನೇ ದುಡಿಯುವ ಅಂಗಡಿಗೆ ಶುಲ್ಕವು ಒಂದು ದಿನದ ಗಳಿಕೆಯನ್ನು ಮೀರದಿರಲಿ. ಮೂರನೆಯದಾಗಿ, ಅರ್ಜಿಯ ನಮೂನೆಯು ತಿಳಿಗನ್ನಡದಲ್ಲಿರಲಿ. ಅಂಗಡಿಯ ಹಲಗೆಯಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿಯಿಂದ ಕಾಯದೆ ಮಾಡಿದ ಸರಕಾರವು ತನ್ನ ಕಾಗದಗಳಲ್ಲಿ ನೂರಕ್ಕೆ ನೂರು ಕನ್ನಡವನ್ನಿಡುವದು ನ್ಯಾಯವು. ನಾಲ್ಕನೆಯದಾಗಿ, 2011ರ ಸಕಾಲ ಕಾಯದೆಯು ಕಚೇರಿಗಳ ಕೆಲಸಕ್ಕೆ ದಿನಗಳ ಗಡುವನ್ನು ಹಾಕಿದೆ. ಆ ಗಡುವನ್ನು ಈ ಪರವಾನಿಗೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಲಿ. ಗಡುವು ಮೀರಿದಷ್ಟೂ ದಲಾಲನು ಬೆಳೆಯುವನು.

ಐದನೆಯದಾಗಿ, ಪರವಾನಿಗೆಯ ಬೆನ್ನಿಗೆ ಐದೇ ಷರತ್ತುಗಳನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಲಿ: ತಲೆಗೊಂದು ಹೊಸ ಬ್ಲೇಡು, ದಿನವೂ ಕುದಿಸಿದ ಸಲಕರಣೆ, ಒಗೆದ ಬಟ್ಟೆ, ಶಾಲೆಯ ವಯಸ್ಸಿನ ಮಕ್ಕಳನ್ನು ದುಡಿಸದಿರುವದು, ಬಂದವರಿಗೆಲ್ಲ ಸಮಾನವಾದ ಸೇವೆ. ಆರನೆಯದಾಗಿ, ತಾಲೂಕಿನ ಆರೋಗ್ಯ ಅಧಿಕಾರಿಗಳು ವರ್ಷಕ್ಕೊಮ್ಮೆ, ಮಂಗಳವಾರದ ಬಿಡುವಿನಲ್ಲಿ, ಕಸಬಿನವರನ್ನೆಲ್ಲ ಸೇರಿಸಿ ಅರ್ಧ ದಿನ ತಿಳಿವಳಿಕೆ ಕೊಟ್ಟು, ಹೆಪಟೈಟಿಸ್ ಬಿ ಚುಚ್ಚುಮದ್ದನ್ನು ಧರ್ಮಾರ್ಥವಾಗಿ ಹಾಕಲಿ. ಮೊದಲ ಸಲ ತಪ್ಪಿದವನಿಗೆ ದಂಡದ ಬದಲು ಕಲಿಸುವದೇ ಮೇಲು. ಆದರೆ ಜಾತಿಯ ಕಾರಣದಿಂದ ಬಾಗಿಲು ಮುಚ್ಚಿದ ವಿಷಯದಲ್ಲಿಯೂ, ಬಾಗಿಲು ತೆರೆದವನನ್ನು ಪೀಡಿಸಿದ ವಿಷಯದಲ್ಲಿಯೂ ಮೊದಲ ಸಲ ಎರಡನೆಯ ಸಲ ಎಂಬ ಲೆಕ್ಕವು ಬೇಡ.

ಊರಿನ ನಾಗರಿಕರಿಗೂ ನಮ್ಮದೊಂದು ವಿಜ್ಞಾಪನೆಯುಂಟು. ಹೊಸ ಬ್ಲೇಡನ್ನು ಕೇಳಿ ಪಡೆಯಿರಿ. ಅದರ ಬೆಲೆಯನ್ನು ಸಂತೋಷದಿಂದ ಕೊಡಿರಿ. ಕೂದಲು ಕತ್ತರಿಸುವವನನ್ನು ಅವನ ಕಸಬಿನ ಹೀನವಾದ ಹೆಸರಿನಿಂದ ಕೂಗುವದನ್ನು ಬಿಡಿರಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತರೆಂದು ಕೇಳದೆ ನಿಮ್ಮ ಸರದಿಯನ್ನು ಕಾಯಿರಿ. ನೀವು ಎದ್ದುಹೋಗದಿದ್ದರೆ ಕ್ಷೌರಿಕನಿಗೆ ಭಯವಿಲ್ಲ. ಅವನಿಗೆ ಭಯವಿಲ್ಲದಿದ್ದರೆ ಬಾಗಿಲು ಮುಚ್ಚುವ ಕಾರಣವೂ ಇಲ್ಲ.

ಕನಕದಾಸರು ಹುಟ್ಟಿದ ಬಾಡವು ಶಿಗ್ಗಾಂವಿ ತಾಲೂಕಿನಲ್ಲಿದೆ. ಶಿಶುನಾಳದ ಶರೀಫಸಾಹೇಬರು ಬದುಕಿ ಹಾಡಿದ ನೆಲವೂ ಅದೇ. ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಹಿರಿಯರ ಹೆಸರಿನಲ್ಲಿ ನಾವು ವರ್ಷವರ್ಷವೂ ಉತ್ಸವ ಮಾಡುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿ ಅವರ ಬಳಿಯಲ್ಲಿಯೇ ಇದ್ದವರು ಹಡಪದ ಅಪ್ಪಣ್ಣನವರು. ಅವರೂ ಅವರ ಪತ್ನಿ ಲಿಂಗಮ್ಮನವರೂ ವಚನಗಳನ್ನು ಬರೆದು ಶರಣರ ಸಾಲಿನಲ್ಲಿ ಕುಳಿತರು. ಅವರನ್ನು ತಮ್ಮ ಮೂಲಪುರುಷರೆಂದು ನೆನೆಯುವ ಹಡಪದ ಸಮಾಜದವರಿಗೆ ಆ ಪರಂಪರೆಯು ಸಣ್ಣ ಆಸ್ತಿಯಲ್ಲ. ಯಾರ ತಲೆಯಾದರೂ ತಲೆಯೇ ಎಂದು ಬಗೆದು ಬಾಗಿಲು ತೆರೆದಿಟ್ಟ ಅಂಗಡಿಗೆ ಸರಕಾರವು ಕೊಡುವ ಪರವಾನಿಗೆಯು ಗೋಡೆಯ ಮೇಲೆ ತೂಗಲಿ. ಅಂಥ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲಲು ನಮಗೆ ಹೆಮ್ಮೆಯೆನಿಸುವದು.